ತಿಗುರಿ ಇಲ್ಲದೆ ಮಣ್ಣಿನ ಕೆಲಸ: ತಟ್ಟೆ ಸೊಟ್ಟ, ಹಿಡಿ ಬಿರುಕು, ಗೀಚಿದ ಚಿತ್ತಾರ ಚಕ್ಕೆ ಏಳ್ತಿದೆ. ತಪ್ಪೆಲ್ಲಿ?

ಕೆಸರುಕೈ
ಎಲ್ಲರಿಗೂ ನಮಸ್ಕಾರ. ಚಕ್ರ ಇಲ್ಲ, ಪೂರ್ತಿ ಕೈಯಲ್ಲೇ ಕಟ್ಟೋದು. ಮಣ್ಣು ಅಂಗಡಿಯ ಬಿಳಿ ಸ್ಟೋನ್‌ವೇರ್ (ಹೆಚ್ಚು ಶಾಖದಲ್ಲಿ ಸುಟ್ಟು ಗಟ್ಟಿಯಾಗೋದು), ಕೋನ್ 6ರದ್ದು (ಕೋನ್ ಅಂದ್ರೆ ಸುಡೋ ಶಾಖದ ಅಳತೆ), ನಯವಾದದ್ದು, ಗ್ರಾಗ್ (ಸುಟ್ಟ ಮಣ್ಣಿನ ಚೂರು) ಇಲ್ಲ. ಜಾಗ ಬೆಂಗಳೂರು, ಬಾಲ್ಕನಿ. ಸುಡೋಕೆ ಬಾಡಿಗೆ ಕಿಲ್ನ್ (ಸುಡೋ ಗೂಡು).

ತೊಂದರೆ ಮೂರು. 22 ಸೆಂ.ಮೀ. ತಟ್ಟೆ, 5 ಮಿ.ಮೀ. ದಪ್ಪದ ಹಾಳೆಯಿಂದ ಮಾಡಿದ್ದು, ಒಣಗುವಾಗಲೇ ಎರಡು ಕಡೆ ಅಂಚು ಎದ್ದು ದೋಣಿ ಆಗುತ್ತೆ. ಕಪ್ಪಿನ ಹಿಡಿ ಮೇಲಿನ ಜೋಡಣೆಯಲ್ಲಿ ಕೂದಲೆಳೆ ಬಿರುಕು ಬಿಡುತ್ತೆ. ಕಪ್ಪು ಬಣ್ಣದ ಸ್ಲಿಪ್ (ತೆಳು ಮಣ್ಣಿನ ಕೆಸರು) ಬಳಿದು ಗೀಚಿದ್ರೆ (ಸ್ಗ್ರಾಫಿಟೊ) ಗೆರೆಯ ಅಂಚು ಹರಿದುಹೋಗುತ್ತೆ, ಬಿಸ್ಕ್ (ಮೊದಲ ಸಲ ಸುಡೋದು) ಆದ್ಮೇಲೆ ಚಕ್ಕೆ ಏಳುತ್ತೆ.

ಮೂರಕ್ಕೂ ಮಣ್ಣೇ ಕಾರಣನಾ? ಬ್ರ್ಯಾಂಡ್ ಬದಲಾಯಿಸಬೇಕಾ?

ಲಟ್ಟಣಿಗೆ
ಬ್ರ್ಯಾಂಡ್ ಬಿಡಿ. ತಟ್ಟೆಯದು ಲಟ್ಟಿಸೋ ತಪ್ಪು.

ಮಣ್ಣಿನ ಕಣ ಅಂದ್ರೆ ಚಪ್ಪಟೆ ಬಿಲ್ಲೆ. ಒಂದೇ ದಿಕ್ಕಿಗೆ, ಒಂದೇ ಮುಖಕ್ಕೆ ಲಟ್ಟಿಸಿದ್ರೆ ಬಿಲ್ಲೆಗಳೆಲ್ಲ ಆ ಕಡೆಗೇ ಮಲಗುತ್ತವೆ, ಕುಗ್ಗೋದು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗುತ್ತೆ. ನಾಲ್ಕು ಸಲ ಲಟ್ಟಿಸಿ, ಕಾಲು ಸುತ್ತು ತಿರುಗಿಸಿ, ಹಾಳೆಯನ್ನು ಮಗುಚಿ ಹಾಕಿ, ಮತ್ತೆ ನಾಲ್ಕು ಸಲ. ಬಟ್ಟೆಗೆ ಅಂಟಿಕೊಂಡೇ ಇದ್ದರೆ ಹಾಳೆ ಹಿಗ್ಗಲ್ಲ, ಅದಕ್ಕೂ ಮಗುಚಬೇಕು. ಎರಡೂ ಬದಿಗೆ 6 ಮಿ.ಮೀ. ಪಟ್ಟಿ ಇಟ್ಟು ಲಟ್ಟಿಸಿ. 22 ಸೆಂ.ಮೀ. ತಟ್ಟೆಗೆ 5 ತೆಳುವಾಯ್ತು. ಕೊನೆಗೆ ರಬ್ಬರ್ ರಿಬ್ (ಮೈ ನಯ ಮಾಡೋ ಬಿಲ್ಲೆ) ಇಟ್ಟು ಎರಡೂ ಮುಖ ಒತ್ತಿ ಉಜ್ಜಿ, ನಾಲ್ಕೂ ದಿಕ್ಕಿಗೆ.

ಇನ್ನೊಂದು: ಹಾಳೆಯನ್ನು ಅಂಚು ಹಿಡಿದು ಎತ್ತುತ್ತೀರಾ?

ಕೆಸರುಕೈ
ಹೌದು, ಮಸಾಲೆ ದೋಸೆ ಎತ್ತೋ ಹಾಗೆ 😅

ಲಟ್ಟಣಿಗೆ
ಅದೇ. ಒಮ್ಮೆ ಬಗ್ಗಿದ ಹಾಳೆಯನ್ನು ಮತ್ತೆ ಚಪ್ಪಟೆ ಮಾಡಿದ್ರೂ ಒಣಗುವಾಗ ಆ ಬಾಗು ವಾಪಸ್ ಬರುತ್ತೆ, ಗ್ಲೇಜ್ (ಗಾಜಿನಂಥ ಹೊರಲೇಪ) ಸುಡುವಾಗ ಇನ್ನೂ ಜಾಸ್ತಿ. ಹಲಗೆ ಮೇಲೆ ಬಟ್ಟೆ, ಬಟ್ಟೆ ಮೇಲೆ ಹಾಳೆ. ಸಾಗಿಸೋದು ಹಲಗೆ ಸಮೇತ. ಮಗುಚೋದು ಎರಡು ಹಲಗೆ ನಡುವೆ ಇಟ್ಟು, ಸ್ಯಾಂಡ್‌ವಿಚ್ ತಿರುಗಿಸೋ ಹಾಗೆ.

ಜಿಪ್ಸಂ_ಬೋರ್ಡ್
ಒಣಗಿಸೋದನ್ನು ಮರೀಬೇಡಿ. ಫಾಲ್ಸ್ ಸೀಲಿಂಗ್ ಕೆಲಸ ಮುಗಿದಲ್ಲಿ ಜಿಪ್ಸಂ ಬೋರ್ಡ್ ತುಂಡು ಪುಕ್ಕಟೆ ಸಿಗುತ್ತೆ. ಕತ್ತರಿಸಿದ ಅಂಚಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ಜಿಪ್ಸಂ ಚೂರು ಮಣ್ಣಿಗೆ ಬಿದ್ರೆ ಸುಟ್ಟ ಮೇಲೆ ಸಿಡಿಯುತ್ತೆ. ತಟ್ಟೆಯನ್ನು ಬೋರ್ಡ್ ಮೇಲಿಟ್ಟು, ಮೇಲೊಂದು ಬೋರ್ಡ್ ಹೇರಿ, ದಿನಕ್ಕೊಂದು ಸಲ ಮಗುಚಿ. ಬೇಕಂತಲೇ ಅಂಚು ಎತ್ತಿ ಮಾಡಿದ ತಟ್ಟೆಯಾದ್ರೆ ಮೇಲೆ ಬೋರ್ಡ್ ಕೂರಲ್ಲ. ಆಗ ಅಂಚಿನ ಸುತ್ತ ಮಾತ್ರ ಪ್ಲಾಸ್ಟಿಕ್ ಪಟ್ಟಿ ಹೊದಿಸಿ, ನಡು ತೆರೆದಿಡಿ. ಅಂಚು ಬೇಗ ಒಣಗುತ್ತೆ, ನಡು ತಡವಾಗುತ್ತೆ, ಜಗಳವೆಲ್ಲ ಅಲ್ಲೇ.

ಕಡಲತಡಿ
ನಮ್ಮ ಮಂಗಳೂರಲ್ಲಿ ಮಳೆಗಾಲ ಆದ್ರೆ ನಡುವೂ ಒಣಗುದಿಲ್ಲ, ಅಂಚೂ ಒಣಗುದಿಲ್ಲ ಮಾರಾಯ್ರೇ. ಸೊಟ್ಟ ಆಗುವ ಪ್ರಶ್ನೆಯೇ ಇಲ್ಲ, ಬೂಷ್ಟು ಬರುವುದು ಮಾತ್ರ 😂

ಹದಗಾರ
ಮೂರು ತೊಂದರೆ ಅಂದ್ರಿ. ನನಗೆ ಕಾಣೋದು ಒಂದೇ: ಹದ ತಪ್ಪಿದೆ. ಹಿಡಿ ಒಂದು ಹದದಲ್ಲಿ, ಕಪ್ಪು ಇನ್ನೊಂದು ಹದದಲ್ಲಿ. ಸ್ಲಿಪ್ ಬಳಿದ ಹೊತ್ತು ಬೇರೆ, ಗೀಚಿದ ಹೊತ್ತು ಬೇರೆ. ಅರೆ ಒಣಗಿದ್ದಕ್ಕೆ ಲೆದರ್ ಹಾರ್ಡ್ ಅಂತ ಎಲ್ಲರೂ ಒಂದೇ ಪದ ಹೇಳ್ತಾರೆ, ಅದರೊಳಗೇ ಮೂರು ಹದ ಇದೆ.

ಎಳೆ ಹದ: ಹಾಳೆ ಬಾಗುತ್ತೆ, ಬಿರಿಯಲ್ಲ, ಬೆರಳಚ್ಚು ಬೀಳುತ್ತೆ. ಸಿಲಿಂಡರ್ ಸುತ್ತೋದು, ಅಚ್ಚು ಒತ್ತೋದು ಆಗಲೇ.

ನಡು ಹದ: ಬೆರಳು ಒತ್ತಿದ್ರೆ ತಗ್ಗು ಬೀಳಲ್ಲ, ಉಗುರು ಒತ್ತಿದ್ರೆ ಗೆರೆ ಬೀಳುತ್ತೆ. ಡಬ್ಬಿಯ ಗೋಡೆ ಜೋಡಿಸೋದು, ಹಿಡಿ ಕೂರಿಸೋದು, ಸ್ಲಿಪ್ ಬಳಿಯೋದು ಇಲ್ಲಿ.

ಬಲಿತ ಹದ: ತಣ್ಣಗಿದೆ, ಬಣ್ಣ ಇನ್ನೂ ಗಾಢ, ಆದ್ರೆ ಬಾಗಿಸಿದ್ರೆ ಮುರಿಯುತ್ತೆ. ಕೆತ್ತೋದು, ಗೀಚೋದು, ಕಲ್ಲಿನಿಂದ ಮೆರುಗು ಕೊಡೋದು ಇಲ್ಲಿ.

ಗೀಚೋಕೆ ಮುಂಚೆ ತಳದಲ್ಲಿ ಒಂದು ಗೆರೆ ಎಳೆದು ನೋಡಿ. ಮಣ್ಣು ಒದ್ದೆ ದಾರದ ಹಾಗೆ ಎದ್ದು ಮೊನೆಗೆ ಅಂಟಿಕೊಂಡ್ರೆ ಬೇಗ ಆಯ್ತು, ನಿಮ್ಮ ಅಂಚು ಹರಿಯೋದು ಇದರಿಂದಲೇ. ಕ್ಯಾರೆಟ್ ತುರಿ ಹಾಗೆ ಬಿಡಿಬಿಡಿ ಚೂರು ಉದುರಿದ್ರೆ ಸರಿ. ಬರೀ ಪುಡಿ ಬಂದ್ರೆ ಒಣಗಿದೆ, ಆಗ ಸ್ಲಿಪ್ ಗೆರೆ ಪಕ್ಕದಲ್ಲಿ ಹೆಕ್ಕಳಿಸುತ್ತೆ.

ಗೀಚುಗಾರ
ಪುಡಿ ಬರೋ ಹದ ತಪ್ಪು ಅನ್ನೋದು ಒಪ್ಪಲ್ಲ ಸರ್. ಕೂದಲಿನಷ್ಟು ಸಣ್ಣ ಗೆರೆ ಬೇಕಾದ್ರೆ ಬಹುತೇಕ ಒಣಗಿದಾಗಲೇ ಗೀಚಬೇಕು. ಎಕ್ಸ್-ಆಕ್ಟೊ ಮೊನೆಯಿಂದ, ಒಂದೇ ಗೆರೆಯನ್ನು ಮೂರು ಸಲ ಹಗುರಾಗಿ. ಬಲಿತ ಹದದಲ್ಲಿ ಅಷ್ಟು ಸಣ್ಣ ಗೆರೆ ಮುಚ್ಚಿಕೊಳ್ಳುತ್ತೆ.

ಹದಗಾರ
ಸಣ್ಣ ಗೆರೆಗೆ ಸರಿ. ಇವರಿನ್ನೂ ಕಲಿಯೋರು, ಅಗಲ ಜಾಗ ಕೆರೆದು ತೆಗೀತಾರೆ. ಒಣಗಿದ್ದನ್ನು ಕೆರೆದ್ರೆ ಧೂಳು, ಧೂಳಲ್ಲಿ ಸಿಲಿಕಾ. ಮುಚ್ಚಿದ ಬಾಲ್ಕನಿಯಲ್ಲಿ ಅದು ಬೇಡ.

ಗೀಚುಗಾರ
ಎನ್95 ಹಾಕ್ಕೊಳ್ಳಿ, ಕೆಳಗೆ ಒದ್ದೆ ಬಟ್ಟೆ ಹಾಸಿ. ಧೂಳನ್ನು ಊದೋದು, ಪೊರಕೆಯಲ್ಲಿ ಗುಡಿಸೋದು ಎರಡೂ ಬೇಡ, ಒದ್ದೆ ಸ್ಪಂಜಲ್ಲಿ ಒರೆಸಬೇಕು. ಇಷ್ಟಾದ್ರೆ ಸಾಕು.

ಗೀಚಿದ ಚೂರನ್ನು ತಕ್ಷಣ ಬೆರಳಲ್ಲಿ ಉಜ್ಜಬೇಡಿ, ಕಪ್ಪು ಚೂರು ಬಿಳಿ ಗೆರೆಯಲ್ಲಿ ಕಲೆ ಹಚ್ಚುತ್ತೆ. ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಷ್ ಆಡಿಸಿದ್ರೆ ತಾನೇ ಉದುರುತ್ತೆ.

ಮಣ್ಣುಹುಳ
ಚಕ್ಕೆ ಏಳೋದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಸ್ಲಿಪ್ ಎಲ್ಲಿಂದ?

ಕೆಸರುಕೈ
ಅದೇ ಬಿಳಿ ಮಣ್ಣಿನ ಕೆಸರಿಗೆ ಕಪ್ಪು ಐರನ್ ಆಕ್ಸೈಡ್ ಹಾಕಿದ್ದು. ಎಷ್ಟು ಅಂತ ಅಳತೆ ಇಲ್ಲ, ಕಪ್ಪಾಗೋವರೆಗೂ. ಕಪ್ (ಲೋಟ) ಒಣಗಿ ಬೆಳ್ಳಗಾದ ಮೇಲೆ ಸ್ಲಿಪ್ ಬಳಿದೆ, ಹಾಗಾದ್ರೆ ಬೇಗ ಹೀರುತ್ತೆ ಅಂತ.

ಮಣ್ಣುಹುಳ
ಬೆಳ್ಳಗಾದ ಮೇಲೆ ಅಂದ್ರೆ ಕಪ್ ಕುಗ್ಗಿ ಮುಗಿದಿದೆ. ಅದರ ಮೇಲೆ ಹಸಿ ಸ್ಲಿಪ್ ಬಿದ್ರೆ ಅದು ಈಗಷ್ಟೇ ಕುಗ್ಗೋಕೆ ಶುರು ಮಾಡುತ್ತೆ. ಒಳಗಿನವನು ನಿಂತಿದ್ದಾನೆ, ಹೊರಗಿನವನು ಎಳೀತಾನೆ, ಚಕ್ಕೆ. ನಡು ಹದದಲ್ಲಿ ಬಳಿದ್ರೆ ಇಬ್ಬರೂ ಜೊತೆಗೇ ಕುಗ್ಗುತ್ತಾರೆ.

ಅಳತೆ ಹೀಗೆ. ಅದೇ ಮಣ್ಣನ್ನು ಪೂರ್ತಿ ಒಣಗಿಸಿ ಕುಟ್ಟಿ, ಒಣ ಪುಡಿ 100 ಗ್ರಾಂ ತೂಗಿ. ಅದಕ್ಕೆ ಕಪ್ಪು ಸ್ಟೇನ್ (ಮಣ್ಣಿಗೆ ಬೆರೆಸೋ ಸಿದ್ಧ ಬಣ್ಣದ ಪುಡಿ) 8ರಿಂದ 10 ಗ್ರಾಂ. ಬರೀ ಐರನ್ ಆಕ್ಸೈಡ್‌ನಿಂದ ಕೋನ್ 6ರಲ್ಲಿ ಕಂದು ಬರುತ್ತೆ, ಕಪ್ಪಲ್ಲ. ಜಾಸ್ತಿ ಸುರಿದ್ರೆ ಕಬ್ಬಿಣ ಕರಗಿಸೋ ಕೆಲಸ ಮಾಡಿ ಗ್ಲೇಜಿನೊಳಗೆ ಹರಡುತ್ತೆ. ನೀಲಿಗೆ ಕೋಬಾಲ್ಟ್ ಕಾರ್ಬೊನೇಟ್ 2 ಗ್ರಾಂ ಸಾಕು. ಮ್ಯಾಂಗನೀಸ್ ಹಾಕಿ ಕಪ್ಪು ಮಾಡಿ ಅಂತ ಹಳೇ ಪಾಕಗಳಲ್ಲಿ ಇರುತ್ತೆ, ಅದರ ಪುಡಿ, ಸುಡುವಾಗಿನ ಹೊಗೆ ಎರಡೂ ವಿಷ. ಕಲಿಯೋರಿಗೆ ಬೇಡ.

ನೀರು ಹಾಕಿ ಒಂದು ರಾತ್ರಿ ಬಿಟ್ಟು, 80 ಮೆಷ್ ಜರಡಿಯಲ್ಲಿ ಎರಡು ಸಲ ಸೋಸಿ. ಸ್ಟೇನ್ ಗಂಟು ಒಡೆಯದಿದ್ರೆ ಗೀಚುವಾಗ ಮೊನೆಗೆ ಸಿಕ್ಕಿ ಬಾಲ ಬಿಡುತ್ತೆ. ಗಟ್ಟಿ ಎಷ್ಟು ಅಂತ ತಿಳಿಯೋಕೆ 100 ಮಿ.ಲೀ. ಅಳೆದು ತೂಗಿ, 140ರಿಂದ 150 ಗ್ರಾಂ ಇದ್ರೆ ಬ್ರಷ್‌ಗೆ ಸರಿ. ಮೂರು ಕೋಟ್, ಒಂದು ಅಡ್ಡ, ಒಂದು ಉದ್ದ, ಮತ್ತೊಂದು ಅಡ್ಡ. ಒದ್ದೆ ಹೊಳಪು ಹೋದ ಮೇಲೆ ಮುಂದಿನ ಕೋಟ್.

ಅರಳೀಮರ
ಕೆಂಪು ಮಣ್ಣಿನ ಮೇಲೆ ಬಿಳಿ ಸ್ಲಿಪ್ ಬೇಕಾದ್ರೆ? ಅದೇ ಮಣ್ಣು ಆಗಲ್ವಲ್ಲ.

ಮಣ್ಣುಹುಳ
ಆಗಲ್ಲ. ಕೋನ್ 6ಕ್ಕೆ ಶುರು ಮಾಡೋಕೆ: ಬಾಲ್ ಕ್ಲೇ 40, ಚೈನಾ ಕ್ಲೇ 25, ಪೊಟ್ಯಾಶ್ ಫೆಲ್ಡ್‌ಸ್ಪಾರ್ 20, ಕ್ವಾರ್ಟ್ಜ್ 15. ಒಣಗುವಾಗ ಬಿರಿದ್ರೆ ಬಾಲ್ ಕ್ಲೇ ಇಳಿಸಿ ಚೈನಾ ಕ್ಲೇ ಏರಿಸಿ. ಅಂಚಿನಲ್ಲಿ ಸಿಪ್ಪೆ ಹಾಗೆ ಎದ್ರೆ ಸ್ಲಿಪ್ ಕುಗ್ಗೋದು ಸಾಲದು ಅಂತ, ಉಲ್ಟಾ ಮಾಡಿ. 1000 ಡಿಗ್ರಿಯಲ್ಲೇ ಮುಗಿಸೋ ಟೆರಾಕೋಟಕ್ಕೆ ಫೆಲ್ಡ್‌ಸ್ಪಾರ್ ಕರಗಲ್ಲ, ಅದರ ಜಾಗಕ್ಕೆ ಫ್ರಿಟ್ (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು).

ಕಡಲತಡಿ
ಈ ಸ್ಗ್ರಾಫಿಟೊ ಅಂತ ಏನೋ ಇಟಲಿಯ ವಿದ್ಯೆ ಹೇಳುದು ಬೇಡ. ನಮ್ಮ ಉತ್ತರ ಕನ್ನಡದ ದೇವಸ್ಥಾನದ ಗೋಡೆಯ ಕಾವಿ ಕಲೆ ಇದೇ ಅಲ್ವಾ? ಬಿಳಿ ಸುಣ್ಣದ ಗಾರೆ ಮೇಲೆ ಕೆಂಪು ಪದರ, ಅದು ಹಸಿ ಇರುವಾಗಲೇ ಕೆರೆದು ಕೆಳಗಿನ ಬಿಳಿ ಕಾಣಿಸುದು. ಅಲ್ಲಿಯೂ ಹೊತ್ತು ಮೀರಿದ್ರೆ ಗಾರೆ ಗಟ್ಟಿಯಾಗಿ ಚಕ್ಕೆ ಏಳ್ತದೆ.

ಬೀದರ_ಹುಡುಗ
ಹಂಗಾದ್ರ ಮಣ್ಣಿನ ಮಿಶಿಮಾ ಕೆಲಸ ಅಂದ್ರ ನಮ್ಮ ಬಿದರಿ. ಗೆರಿ ಕೊರದು, ಅದರಾಗ ಬ್ಯಾರೆ ಬಣ್ಣ ತುಂಬಿ, ಮ್ಯಾಲ ಸಮ ಮಾಡೂದು.

ಗೀಚುಗಾರ
ಹೋಲಿಕೆ ಚೆನ್ನಾಗಿದೆ, ಒಂದು ವ್ಯತ್ಯಾಸ ಬಿಟ್ಟು. ಬಿದರಿಯಲ್ಲಿ ಬೆಳ್ಳಿ ತಂತಿ ಕುಗ್ಗಲ್ಲ, ಇಲ್ಲಿ ತುಂಬಿದ ಸ್ಲಿಪ್ ನೀರು ಕಳಕೊಂಡು ಗೆರೆಯೊಳಗೆ ಇಳಿಯುತ್ತೆ. ಒಂದೇ ಸಲ ತುಂಬಿ ಕೆರೆದ್ರೆ ಗೆರೆ ತಗ್ಗಾಗಿ ಉಳಿಯುತ್ತೆ. ಎರಡು ಮೂರು ಸಲ ತುಂಬಿ, ಗೋಡೆಗಿಂತ ಉಬ್ಬಿ ನಿಂತ ಮೇಲೆ, ಬಲಿತ ಹದದಲ್ಲಿ ಲೋಹದ ರಿಬ್ ಹೆಚ್ಚುಕಮ್ಮಿ ಮಲಗಿಸಿ ಕೆರೀರಿ. ಒದ್ದೆ ಸ್ಪಂಜ್ ಬೇಡ, ಅದು ಕಪ್ಪನ್ನೆಲ್ಲ ಬಿಳಿ ಮೇಲೆ ಎಳೆದಾಡುತ್ತೆ.

ಸುಲಭದ ದಾರಿ: ಮೊದಲು ಮೇಲ್ಮೈಗೆ ವ್ಯಾಕ್ಸ್ ರೆಸಿಸ್ಟ್ (ನೀರು ತಡೆಯೋ ಮೇಣ) ಬಳಿದು ಒಣಗಿಸಿ, ವ್ಯಾಕ್ಸ್ ಮೇಲಿಂದಲೇ ಗೆರೆ ಕೊರೆದು, ಸ್ಲಿಪ್ ಬಳಿದು ಒರೆಸಿ. ಗೆರೆಯಲ್ಲಿ ಮಾತ್ರ ಕೂರುತ್ತೆ. ವ್ಯಾಕ್ಸ್ ಬಿಸ್ಕ್‌ನಲ್ಲಿ ಸುಟ್ಟುಹೋಗುತ್ತೆ.

ಮಿಶಿಮಾ ಅನ್ನೋದು ಜಪಾನಿನವರು ಇಟ್ಟ ಹೆಸರು. ಕೆಲಸ ಕೊರಿಯಾದ್ದು, ಅಲ್ಲಿ ಸಂಗಂ ಅಂತಾರೆ. 12ನೇ ಶತಮಾನದ ಗೊರ್ಯೊ ಅರಸರ ಕಾಲದ ಸೆಲಡಾನ್ ಪಾತ್ರೆಗಳಲ್ಲಿ ಹಸಿರು ಗ್ಲೇಜ್ ಕೆಳಗೆ ಕೊಕ್ಕರೆ, ಮೋಡ ಎಲ್ಲ ಹೀಗೇ ತುಂಬಿದ್ದು.

ಹೂಸ್ಟನ್_ಕನ್ನಡಿಗ
ಹಿಡಿ ಬಿರುಕು ಎಲ್ಲರೂ ಮರೆತ್ರಿ.

ಮೇಲಿನ ಜೋಡಣೆಯಲ್ಲೇ ಯಾಕೆ ಅಂದ್ರೆ ಹಿಡಿ ತೆಳು, ಎಲ್ಲ ಕಡೆ ಗಾಳಿ, ಬೇಗ ಕುಗ್ಗಿ ಕಪ್ಪನ್ನು ಎಳೆಯುತ್ತೆ. ಬಾಯಿಯ ಅಂಚೂ ಬೇಗ ಒಣಗುತ್ತೆ. ಎರಡರ ನಡುವೆ ಹಸಿ ಜೋಡಣೆ. ಹಾಗಾಗಿ:

ಹಿಡಿ ಮಾಡಿ ಬಾಗಿಸಿ ಕಪ್ಪಿನ ಜೊತೆ ಒಂದೇ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ, ಇಬ್ಬರದ್ದೂ ಒಂದೇ ಹದ ಆಗಲಿ. ಎರಡೂ ಕಡೆ 2 ಮಿ.ಮೀ. ಆಳಕ್ಕೆ ಅಡ್ಡ-ಉದ್ದ ಗೀರಿ. ಗೀರಿದ ಜಾಗಕ್ಕೆ ಗಟ್ಟಿ ಮೊಸರಿನ ಹದದ ಸ್ಲಿಪ್. ಒತ್ತಿ, ಎಡಕ್ಕೂ ಬಲಕ್ಕೂ ಸ್ವಲ್ಪ ಅಲುಗಿಸಿ, ಅಲುಗೋದು ನಿಂತು ಹಿಡಿದುಕೊಂಡ ಹಾಗೆ ಅನ್ನಿಸೋವರೆಗೂ. ಜೋಡಣೆ ಸುತ್ತ ಬತ್ತಿಯಷ್ಟು ಸಣ್ಣ ಮಣ್ಣಿನ ಹುರಿ ಇಟ್ಟು ತಿಕ್ಕಿ ಸೇರಿಸಿ. ಆಮೇಲೆ ಹಿಡಿಗೆ ಮಾತ್ರ ಪ್ಲಾಸ್ಟಿಕ್ ಸುತ್ತಿ, ಇಡೀ ಕಪ್ಪಿಗೆ ಸಡಿಲವಾಗಿ ಇನ್ನೊಂದು ಹೊದಿಕೆ, ಎರಡು ದಿನ. ಹಿಡಿ ಮೇಲೆ ವ್ಯಾಕ್ಸ್ ಬಳಿದ್ರೂ ನಿಧಾನ ಒಣಗುತ್ತೆ.

ಸ್ಲಿಪ್ ಬದಲು ಇಲ್ಲಿ ಅನೇಕರು ಬಳಸೋದು ಮ್ಯಾಜಿಕ್ ವಾಟರ್: 3.8 ಲೀಟರ್ ನೀರಿಗೆ 3 ಟೇಬಲ್ ಚಮಚ ಸೋಡಿಯಂ ಸಿಲಿಕೇಟ್ ದ್ರವ, ಒಂದೂವರೆ ಟೀ ಚಮಚ ಸೋಡಾ ಆ್ಯಶ್. ಗೀರಿದ ಕಡೆ ಬ್ರಷ್‌ನಲ್ಲಿ ಹಚ್ಚಿದ್ರೆ ಅಲ್ಲಿಯ ಮಣ್ಣೇ ಕರಗಿ ಅಂಟಾಗುತ್ತೆ. ನೀರು ಕಡಿಮೆ ಸೇರೋದ್ರಿಂದ ಜೋಡಣೆ ಕುಗ್ಗೋದೂ ಕಡಿಮೆ.

ಅರಳೀಮರ
ವಿನೆಗರ್ ಸಾಕು ಅಂತಾರಲ್ಲ?

ಹೂಸ್ಟನ್_ಕನ್ನಡಿಗ
ಸಾಕು. ಬಾಲ್ಕನಿ ಮುಚ್ಚಿದ್ರೆ ಮನೆಯೆಲ್ಲ ಉಪ್ಪಿನಕಾಯಿ ವಾಸನೆ, ಅಷ್ಟೇ.

ಬೆಳಗಾವಿ_ಕೆಂಪುಮಣ್ಣು
ಅಂಗಡಿ ಮಣ್ಣು ಕಿಲೋಗೆ ಲೆಕ್ಕ ಹಾಕಿ ಕೊಡ್ತಾರ, ಕಲಿಯುಮಟ ಅಷ್ಟು ರೊಕ್ಕ ಯಾಕ್ ಹಾಕ್ತೀರಿ. ಕೆರಿ ಮಣ್ಣು ತಗೊಳ್ರಿ. ನಮ್ಮ ಕಡೆ ಖಾನಾಪುರದ ಮಣ್ಣಿಗೆ ಹೆಸರದ, ಖಾದಿ ಆಯೋಗದ ಕುಂಬಾರಿಕಿ ತರಬೇತಿ ಸಂಸ್ಥಾನೂ ಅಲ್ಲೇ ಅದ.

ತಂದ ಮಣ್ಣು ಹಸಿದ ನೆನಿ ಹಾಕಬ್ಯಾಡ್ರಿ. ಮೊದಲ ಪೂರ್ತಿ ಬಿಸಲಾಗ ಒಣಗಿಸ್ರಿ. ಒಣಾ ಹೆಂಟಿ ನೀರಾಗ ಬಿದ್ದ ಕೂಡ್ಲೆ ಬುಸು ಬುಸು ಅಂತ ತಾನ ಒಡದು ಕರಗತೈತಿ. ಹಸಿ ಹೆಂಟಿ ವಾರಗಟ್ಲೆ ಹಂಗ ಕುಂದರತೈತಿ. ಕಲಸಿ, 60 ಮೆಷ್ ಜರಡಿ ಹಿಡದು, ದಪ್ಪನ ಬಟ್ಟಿ ಹಾಸಿದ ಇಟ್ಟಂಗಿ ಮ್ಯಾಲ ಹರವ್ರಿ. ರೊಟ್ಟಿ ಹಿಟ್ಟಿನ ಹದ ಬಂದ ಮ್ಯಾಲ ನಾದ್ರಿ.

ಎರಡು ನೋಡ್ರಿ. ಒಂದು, ಸುಣ್ಣದ ಹರಳು. ಒಣಾ ಮಣ್ಣಿನ ಮ್ಯಾಲ ವಿನೆಗರ್ ಹಾಕಿದ್ರ ನೊರಿ ಬಂತಂದ್ರ ಸುಣ್ಣ ಅದ ಅಂತ ತಿಳೀರಿ. ಸುಟ್ಟ ಮ್ಯಾಲ ಆ ಹರಳು ಗಾಳ್ಯಾಗಿನ ನೀರು ಕುಡದು ಉಬ್ಬಿ, ವಾರ ಬಿಟ್ಟು ಗಡಿಗಿ ಮೈಯಿಂದ ಚಕ್ಕಿ ಹಾರಸತೈತಿ. ಎರಡು, ಎರಿ ಮಣ್ಣು ತರಬ್ಯಾಡ್ರಿ. ಹೊಲದಾಗ ಬ್ಯಾಸಗಿಗೆ ಕಾಲು ಸಿಗೂವಷ್ಟು ಬಿರೀತದಲ್ಲ, ಗಡಿಗ್ಯಾಗೂ ಅದನ್ನ ಮಾಡತೈತಿ.

ಜಿಪ್ಸಂ_ಬೋರ್ಡ್
ಕೆರೆ ಮಣ್ಣನ್ನು ಬಾಡಿಗೆ ಕಿಲ್ನ್‌ಗೆ ಕೊಡುವಾಗ ಹೇಳಿ ಕೊಡಿ ಅಣ್ಣ. ಕೋನ್ 6ಕ್ಕೆ ಹೋದ್ರೆ ಕೆಂಪು ಮಣ್ಣು ಬೆಲ್ಲದ ಪಾಕ ಆಗಿ ಕಿಲ್ನ್ ಶೆಲ್ಫ್‌ಗೆ ಅಂಟುತ್ತೆ. ಮೊದಲು ಒಂದು ಬಿಲ್ಲೆ, ಅದರ ಕೆಳಗೊಂದು ಬೇಡದ ಬಿಸ್ಕ್ ತಟ್ಟೆ.

ಕುಗ್ಗೋದನ್ನೂ ಅಳೀರಿ. ಹಸಿ ಪಟ್ಟಿಯ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ. ಒಣಗಿದ ಮೇಲೆ 9.4, ಸುಟ್ಟ ಮೇಲೆ 8.8 ಬಂದ್ರೆ ಒಟ್ಟು ನೂರಕ್ಕೆ 12. ಮುಚ್ಚಳ ಇರೋ ಡಬ್ಬಿ, ಟೈಲ್ ಮಾಡೋರಿಗೆ ಈ ಲೆಕ್ಕ ಇಲ್ಲದೆ ನಡೆಯಲ್ಲ. 22 ಸೆಂ.ಮೀ. ತಟ್ಟೆ ಕೊನೆಗೆ 19 ಚಿಲ್ಲರೆ.

ಮಸಿಗಡಿಗೆ
ಜೊತೆಗೇ ಕೇಳ್ತೀನಿ, ಕೈಯಲ್ಲಿ ಕಟ್ಟಿದ ಪಾತ್ರೆಯಲ್ಲಿ ಗ್ಯಾಸ್ ಮೇಲೆ ಸಾರು ಮಾಡಬಹುದಾ? ಸ್ಟೋನ್‌ವೇರ್ ಗಟ್ಟಿ ಅಲ್ವಾ.

ಮಣ್ಣುಹುಳ
ಗಟ್ಟಿ ಆಗಿರೋದೇ ತೊಂದರೆ. ಸ್ಟೋನ್‌ವೇರ್ ಗಾಜಿನ ಹಾಗೆ ಬಿಗಿದುಕೊಂಡಿರುತ್ತೆ, ಒಂದು ಕಡೆ ಬಿಸಿ ಇನ್ನೊಂದು ಕಡೆ ತಣ್ಣಗಿದ್ರೆ ಬಿರುಕು ಸೀದಾ ಓಡುತ್ತೆ. ಊರಿನ ಮಡಕೆ ಕಡಿಮೆ ಸುಟ್ಟದ್ದು, ಮರಳು ಬೆರೆತದ್ದು, ಮೈಯೆಲ್ಲ ರಂಧ್ರ. ಬಿರುಕು ಹೊರಟ್ರೆ ಯಾವುದಾದ್ರೂ ರಂಧ್ರದಲ್ಲಿ ನಿಲ್ಲುತ್ತೆ. ತಳ ಉರುಟಾಗಿ ಗೋಡೆಯಷ್ಟೇ ತೆಳು, ಮೂಲೆ ಇಲ್ಲ. ಕುಂಬಾರರು ದಪ್ಪ ಮಡಕೆ ಮಾಡಿ, ಒಳಗೆ ಕಲ್ಲು ಹಿಡಿದು ಹೊರಗಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ತೆಳು ಮಾಡೋದು ಇದಕ್ಕೇ.

ಕೈಯಲ್ಲೇ ಕಟ್ಟಿ ಒಲೆಗೆ ಇಡೋದು ಬೇಕಾದ್ರೆ ಮಣಿಪುರದ ಲೋಂಗ್ಪಿ ಪಾತ್ರೆ ನೋಡಿ. ಸರ್ಪೆಂಟೈನ್ ಕಲ್ಲಿನ ಪುಡಿ ಬೆರೆಸಿದ ಮಣ್ಣು, ಚಕ್ರವೇ ಇಲ್ಲ, ಸುಟ್ಟು ಬಿಸಿ ಇರುವಾಗಲೇ ಎಲೆಯಿಂದ ಉಜ್ಜಿ ಕಪ್ಪು ಮಾಡ್ತಾರೆ.

ಬೀದರ_ಹುಡುಗ
ಕಪ್ಪು ಬರೂದು ಹೊಗಿಯಿಂದ ಅಲ್ಲೇನ್ರಿ?

ಇಟ್ಟಿಗೆಗೂಡು
ಪದ್ಧತಿ ಒಂದಲ್ಲ. ಉತ್ತರ ಪ್ರದೇಶದ ನಿಜಾಮಾಬಾದಿನದ್ದು ಹೊಗೆ ಕಪ್ಪು, ಗಾಳಿ ಕಟ್ಟಿ ಸುಟ್ಟಾಗ ಇಂಗಾಲ ರಂಧ್ರಗಳಲ್ಲಿ ಕೂರುತ್ತೆ. ನಮ್ಮಲ್ಲೂ ಹಳೇ ಗುರುತು ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದಾಗ ಕೆಳಗಿನ ನವಶಿಲಾಯುಗದ ಪದರದಲ್ಲಿ ಸಿಕ್ಕಿದ್ದು ಚಕ್ರವಿಲ್ಲದೆ ಕೈಯಲ್ಲಿ ಮಾಡಿದ ಬೂದು ಪಾತ್ರೆ, ಕೆಲವಕ್ಕೆ ಉಜ್ಜಿದ ಮೆರುಗು. ಅದರ ಮೇಲಿನ ಬೃಹತ್ ಶಿಲಾಯುಗದ ಪದರದಲ್ಲಿ ಕಪ್ಪು-ಕೆಂಪು ಪಾತ್ರೆ, ಒಳಗೂ ಬಾಯಿಯ ಸುತ್ತಲೂ ಕಪ್ಪು, ಕೆಳಗೆ ಕೆಂಪು. ಬೋರಲು ಹಾಕಿ ಸುಟ್ಟರೆ ಹಾಗೆ ಬರುತ್ತೆ: ಬಾಯಿ ಬೂದಿಯಲ್ಲಿ ಹೂತು ಗಾಳಿ ಸಿಗಲ್ಲ, ತಳಕ್ಕೆ ಸಿಗುತ್ತೆ.

ಬಾಲ್ಕನಿ ಬೇಡ, ಹಿತ್ತಿಲಿದ್ದರೆ ಮಾಡಬಹುದು. ಮಣ್ಣಿಗೆ ಐದರಲ್ಲೊಂದು ಪಾಲು ಸಣ್ಣ ಮರಳು. ಪೂರ್ತಿ ಒಣಗಿದ್ದನ್ನು ಒಲೆಯ ಪಕ್ಕ ಎರಡು ಮೂರು ಗಂಟೆ ಬಿಸಿ ಮಾಡಿ, ಆಮೇಲೆ ಕುಳ್ಳು, ತೆಂಗಿನ ಚಿಪ್ಪು, ಭತ್ತದ ಹೊಟ್ಟು ನಡುವೆ ಹೂತು ಹಚ್ಚಿ. ಕಪ್ಪು ಬೇಕಾದ್ರೆ ಕೆಂಪಗಿರುವಾಗಲೇ ಮೇಲೆ ಗರಗಸದ ಹೊಟ್ಟು ಸುರಿದು ಮಣ್ಣು ಮುಚ್ಚಿ.

ಅರಳೀಮರ
ಮೆರುಗಿಗೆ ಟೆರಾ ಸಿಜಿಲ್ಲಾಟಾ (ತೀರಾ ನಯವಾದ ಮಣ್ಣಿನ ತೆಳು ಲೇಪ) ಬಳಿದ್ರೆ ಸಾಲದಾ? ಕಲ್ಲು ತಿಕ್ಕಿ ತಿಕ್ಕಿ ಕೈ ಹೋಗುತ್ತೆ.

ಇಟ್ಟಿಗೆಗೂಡು
ಸಾಕು. ಒಣ ಕೆಂಪು ಮಣ್ಣು 1 ಕಿಲೋ, ನೀರು 2 ಲೀಟರ್, ಸೋಡಿಯಂ ಸಿಲಿಕೇಟ್ 5 ಗ್ರಾಂ. ಚೆನ್ನಾಗಿ ಕದಡಿ, ಪಾರದರ್ಶಕ ಬಾಟಲಿಯಲ್ಲಿ ಅಲುಗಿಸದೆ 20 ಗಂಟೆ ಬಿಡಿ. ಮೂರು ಪದರ ಕಾಣುತ್ತೆ: ಮೇಲೆ ತೆಳು ನೀರು, ನಡುವೆ ಹಾಲಿನಂಥದ್ದು, ಕೆಳಗೆ ಕೆಸರು. ಮೇಲಿನದನ್ನು ಬಸಿದು ನಡುವಿನದನ್ನು ಪೈಪಲ್ಲಿ ಎಳಕೊಳ್ಳಿ, ಕೆಸರು ಕದಡದ ಹಾಗೆ. 100 ಮಿ.ಲೀ. ತೂಗಿದ್ರೆ 115 ಗ್ರಾಂ ಸುತ್ತಮುತ್ತ ಇರಬೇಕು. ಇದನ್ನು ಮಾತ್ರ ಪೂರ್ತಿ ಒಣಗಿದ ಪಾತ್ರೆಗೆ ಬಳಿಯೋದು, ಕಣ ಅಷ್ಟು ಸಣ್ಣ, ಪದರ ಅಷ್ಟು ತೆಳು. ನಾಲ್ಕೈದು ಕೋಟ್. ಪ್ರತಿ ಕೋಟ್ ಹೊಳಪು ಆರಿದ ತಕ್ಷಣ ಪ್ಲಾಸ್ಟಿಕ್ ಚೀಲ ಸುತ್ತಿದ ಹೆಬ್ಬೆರಳಲ್ಲಿ ಉಜ್ಜಿ. 950 ಡಿಗ್ರಿ ದಾಟಿಸಬೇಡಿ, ಹೊಳಪು ಮಂಕಾಗುತ್ತೆ.

ಗೀಚುಗಾರ
ಅಂದ್ರೆ ಮೂಲ ಪ್ರಶ್ನೆಯವರ ಕೋನ್ 6ಕ್ಕೆ ಪ್ರಯೋಜನ ಇಲ್ಲ 🙂

ಚಿಟಿಕೆ
ಮಣ್ಣು ಸರಿಯಾಗಿ ನಾದದಿದ್ರೆ ಗಾಳಿಗುಳ್ಳೆ ಉಳಿದು ಕಿಲ್ನ್‌ನಲ್ಲಿ ಬಾಂಬ್ ಹಾಗೆ ಸಿಡಿಯುತ್ತೆ, ಅದನ್ನೂ ಹೇಳಿ ಯಾರಾದ್ರೂ.

ಹೂಸ್ಟನ್_ಕನ್ನಡಿಗ
ಗಾಳಿ ಸಿಡಿಸಲ್ಲ, ನೀರು ಸಿಡಿಸುತ್ತೆ. ನೀರು ಆವಿಯಾದ್ರೆ ಸುಮಾರು 1600 ಪಟ್ಟು ಹಿಗ್ಗುತ್ತೆ, ಗೋಡೆಯೊಳಗೆ ದಾರಿ ಸಿಗದಿದ್ರೆ ಒಡೆದುಕೊಂಡು ಬರುತ್ತೆ. ಗುಳ್ಳೆ ಇರೋ ಜಾಗ ದಪ್ಪ, ಒಳಗೆ ಹಸಿ ಉಳಿಯುತ್ತೆ, ಅದಕ್ಕೆ ಗುಳ್ಳೆ ಮೇಲೆ ಅಪವಾದ.

ಚಿಟಿಕೆ
ಹಾಗಾದ್ರೆ ಪೂರ್ತಿ ಮುಚ್ಚಿದ ಟೊಳ್ಳು ಗೊಂಬೆಗೆ ತೂತು ಯಾಕೆ ಮಾಡ್ತಾರೆ?

ಹೂಸ್ಟನ್_ಕನ್ನಡಿಗ
ಒಳಗೋಡೆ ಒಣಗಲಿ ಅಂತ. ತೂತು ಇಲ್ಲದಿದ್ರೆ ಒಳಗಿನ ಹಸಿ ಹೊರಗೋಡೆ ದಾಟಿ ಬರಬೇಕು, ವಾರಗಟ್ಟಲೆ. ನಿಜವಾಗಿ ಒಣಗಿದ್ರೆ ಮುಚ್ಚಿದ ಗೊಂಬೆಯೂ ಉಳಿಯುತ್ತೆ. ಆದ್ರೂ ತೂತು ಮಾಡಿ, ತಳದಲ್ಲಿ, ಸೂಜಿಯಷ್ಟು.

ಒಣಗಿದೆಯಾ ಅಂತ ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗಿದ್ರೆ ಇನ್ನೂ ನೀರಿದೆ.

ಬಿಸ್ಕ್ ಹೀಗೆ ಬರೆದುಕೊಡಿ ಕಿಲ್ನಿನವರಿಗೆ: ಗಂಟೆಗೆ 60 ಡಿಗ್ರಿಯಂತೆ 90ರವರೆಗೆ, ಅಲ್ಲಿ 2ರಿಂದ 4 ಗಂಟೆ ನಿಲ್ಲಿಸಿ. ಆಮೇಲೆ ಗಂಟೆಗೆ 100ರಂತೆ 600ರವರೆಗೆ, 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ರೂಪ ಬದಲಿಸಿ ಹಿಗ್ಗುತ್ತೆ, ಅಲ್ಲಿ ಓಡಿಸಬಾರದು. ಮುಂದೆ ಗಂಟೆಗೆ 150ರಂತೆ ಕೋನ್ 06ಕ್ಕೆ, ಸುಮಾರು 1000. ಆ ಸೊನ್ನೆ ದಪ್ಪಗೆ ಬರೀರಿ. ಕೋನ್ 6 ಅಂದ್ರೆ 1220ಕ್ಕೂ ಮೇಲೆ. ಸೊನ್ನೆ ಮರೆತು ನೇರ ಕೋನ್ 6ಕ್ಕೆ ಬಿಸ್ಕ್ ಆದ್ರೆ ಪಾತ್ರೆ ಗ್ಲೇಜ್ ಹೀರೋದೇ ಇಲ್ಲ.

ಕೆಸರುಕೈ
ಎಷ್ಟೊಂದು ತಪ್ಪು ಒಟ್ಟಿಗೆ ಮಾಡಿದ್ದೆ 🙏 ಗ್ಲೇಜ್ ಬಗ್ಗೆ ಏನಾದ್ರೂ? ಗೀಚಿದ್ದರ ಮೇಲೆ ಪಾರದರ್ಶಕ ಹಾಕಿದ್ರೆ ಹಾಲು ಹಾಲಾಗಿ ಕಾಣುತ್ತೆ.

ಮಣ್ಣುಹುಳ
ದಪ್ಪ ಆಯ್ತು. ಕಡು ಬಣ್ಣದ ಮೇಲೆ ಪಾರದರ್ಶಕ ಗ್ಲೇಜ್ ದಪ್ಪವಾದ್ರೆ ಸಣ್ಣ ಗುಳ್ಳೆ ಸಿಕ್ಕಿಕೊಂಡು ಮಂಜು ಕಾಣುತ್ತೆ. ಅದ್ದೋದಾದ್ರೆ ಎರಡು ಎಣಿಸೋವಷ್ಟು ಹೊತ್ತು. ಅದ್ದೋ ಮುಂಚೆ ಬಿಸ್ಕ್ ಧೂಳನ್ನು ಹಿಂಡಿದ ಸ್ಪಂಜಲ್ಲಿ ಒರೆಸಿ ಒಣಗಿಸಿ. ಅಂಡರ್‌ಗ್ಲೇಜ್ (ಗ್ಲೇಜ್ ಕೆಳಗಿನ ಬಣ್ಣ) ತೀರಾ ದಪ್ಪ ಇದ್ರೆ ಗ್ಲೇಜ್ ಅಲ್ಲಿ ನಿಲ್ಲದೆ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಸರಿದುಕೊಳ್ಳುತ್ತೆ.

ಹಸಿರು ಸ್ಟೇನ್ ಬಳಸೋರು ಪಾರದರ್ಶಕದಲ್ಲಿ ಜಿಂಕ್ ಇದೆಯಾ ಕೇಳಿ. ಸ್ಟೇನ್‌ನಲ್ಲಿ ಕ್ರೋಮ್ ಇದ್ದು ಅದು ಜಿಂಕ್ ಜೊತೆ ಸೇರಿದ್ರೆ ಹಸಿರು ಕಂದಾಗುತ್ತೆ. ಆಮೇಲೆ ಸ್ಟೇನ್ ಮಾರಿದವರಿಗೆ ಬೈಯೋದು.

ಚಿಟಿಕೆ
ಗೀಚೋದು ಬೇಡ, ಉಬ್ಬು ಚಿತ್ತಾರ ಬೇಕು ಅನ್ನೋರಿಗೆ ಅರಗಿನ ದಾರಿ ಇದೆ. ಬಡಗಿಗಳು ಪಾಲಿಶ್‌ಗೆ ಬಳಸೋ ಶೆಲ್ಯಾಕ್ ಹಳುಕನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಪೂರ್ತಿ ಒಣಗಿದ ಪಾತ್ರೆ ಮೇಲೆ ಚಿತ್ರ ಬರೆದು, ಒಣಗಿದ ಮೇಲೆ ಒದ್ದೆ ಸ್ಪಂಜಲ್ಲಿ ಒರೆಸಿ. ಅರಗು ಇದ್ದಲ್ಲಿ ಮಣ್ಣು ನಿಲ್ಲುತ್ತೆ, ಉಳಿದದ್ದು ಸವೆಯುತ್ತೆ. ನಾಲ್ಕು ಸಲ ಒರೆಸಿ ಬಿಡಿ, ಒಣಗಲಿ, ಮತ್ತೆ ನಾಲ್ಕು ಸಲ. ಒಂದೇ ಪಟ್ಟಿಗೆ ಒರೆಸಿದ್ರೆ ಗೋಡೆ ನೀರು ಕುಡಿದು ಬಿರಿಯುತ್ತೆ. ಹತ್ತಿರ ಬೆಂಕಿ ಬೇಡ, ಸ್ಪಿರಿಟ್. ಬಿಸ್ಕ್‌ನಲ್ಲಿ ಹೊಗೆ ಬರುತ್ತೆ, ಕಿಲ್ನಿನವರಿಗೆ ಮೊದಲೇ ಹೇಳಿ.

ಕಡಲತಡಿ
ರಂಗೋಲಿ ಎಳೆ ಹಾಗೆ ಉಬ್ಬು ಗೆರೆ ಬೇಕಾದ್ರೆ ಮೆಹಂದಿ ಕೋನ್ ಉಂಟಲ್ಲ. ಸ್ಲಿಪ್ ಇಡ್ಲಿ ಹಿಟ್ಟಿನಷ್ಟು ಗಟ್ಟಿ ಇರಲಿ, ದೋಸೆ ಹಿಟ್ಟಿನಷ್ಟು ನೀರಾದ್ರೆ ಹರಡ್ತದೆ. ತುದಿ ಮಣ್ಣಿಗೆ ತಾಗಿಸಬಾರದು, ಸ್ವಲ್ಪ ಮೇಲಿಂದ ಬೀಳಿಸಬೇಕು. ಕೋನ್ ಒಳಗೆ ಗಾಳಿ ಸಿಕ್ಕಿದ್ರೆ ನಡುವಲ್ಲಿ ಪುಸಕ್ ಅಂತ ಹಾರ್ತದೆ, ಮೊದಲು ಪೇಪರ್ ಮೇಲೆ ಒಂದು ಗೆರೆ ಎಳೆದುಕೊಳ್ಳಿ.

ಲಟ್ಟಣಿಗೆ
ಅಡುಗೆಮನೆ ಅಂದ ಮೇಲೆ ಚಕ್ಕುಲಿ ಒರಳು ಬಿಡೋದು ಹೇಗೆ. ಒಂದೇ ಗಾತ್ರದ ಹುರಿ ಬೇಕಾದ್ರೆ ಅದಕ್ಕಿಂತ ಒಳ್ಳೇದಿಲ್ಲ. ನಕ್ಷತ್ರದ ಬಿಲ್ಲೆ ತೆಗೆದು ಅಲ್ಯೂಮಿನಿಯಂ ತಗಡಿಗೆ 8 ಮಿ.ಮೀ. ಉರುಟು ತೂತು ಕೊರೆದು ಹಾಕಿ. ಮಣ್ಣು ಎಳೆ ಹದಕ್ಕಿಂತ ಮೆತ್ತಗಿರಬೇಕು, ಇಲ್ಲದಿದ್ರೆ ಹುರಿ ಮೈ ಮೇಲೆ ಹಲ್ಲು ಹಲ್ಲಾಗಿ ಹರಿಯುತ್ತೆ.

ಕೆಸರುಕೈ
ಮನೆಯಲ್ಲಿರೋದು ಮರದ ಒರಳು, ನಡೆಯುತ್ತಾ?

ಲಟ್ಟಣಿಗೆ
ಬೇಡ. ಮರ ಮಣ್ಣಿನ ನೀರು ಕುಡಿದು ಉಬ್ಬಿದ್ರೆ ಒತ್ತೋ ಗುಂಡು ಒಳಗೇ ಕಚ್ಚಿಕೊಳ್ಳುತ್ತೆ. ಹಿತ್ತಾಳೆ ತಿರುಪಿನದ್ದು ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಮನೆಯದ್ದನ್ನು ಮಾತ್ರ ಮುಟ್ಟಬೇಡಿ, ಗೋಕುಲಾಷ್ಟಮಿಗೆ ಬೇಕಾಗುತ್ತೆ.